‘ಕೆಂಪು ಹೆಂಗಸು’ ಗಂಡಸಾದ ಕಥೆ, ಮತ್ತಿತರ ವೆಲ್ಶ್ ಉಪನ್ಯಾಸಗಳು

1942. ಯುದ್ಧದ ಕಾಲ. ವೇಲ್ಸ್‌ನ ವಾಯವ್ಯ ಮೂಲೆಯ ಆಂಗಲ್‌ಸೀ ದ್ವೀಪದಲ್ಲಿ ಬ್ರಿಟಿಷ್ ವಾಯುಪಡೆಗೆ ಹೊಸ ವಿಮಾನ ನಿಲ್ದಾಣ ಏಳುತ್ತಿತ್ತು. ಕಡಲಂಚಿನ ನೆಲವೆಲ್ಲ ಗಾಳಿಗೆ ಹಾರುವ ಮರಳು. ಅದನ್ನು ಹಿಡಿದು ನಿಲ್ಲಿಸಲು ಪಕ್ಕದ ಪುಟ್ಟ ಕೆರೆಯಂಚಿನ ಜೌಗಿನಿಂದ ಪೀಟ್ ಎಂಬ ಕಪ್ಪು ಮಣ್ಣನ್ನು ತೋಡಿ ತಂದು ಹರಡುತ್ತಿದ್ದರು. ಲಾರಿಗಳು ಪದೇ ಪದೇ ಕೆಸರಿಗೆ ಸಿಕ್ಕಿಕೊಳ್ಳುತ್ತಿದ್ದವು. ಮಣ್ಣಿನೊಳಗೆ ಸಿಕ್ಕಿದ ಹಳೆಯ ಕಬ್ಬಿಣದ ಸರಪಳಿಯೊಂದನ್ನು ಕೆಲಸಗಾರರು ಟ್ರ್ಯಾಕ್ಟರಿಗೆ ಕಟ್ಟಿ ಲಾರಿ ಎಳೆದರು. ಲಾರಿ ಮೇಲೆ ಬಂತು, ಸರಪಳಿ ತುಂಡಾಗಲಿಲ್ಲ.

ಮುಂದೆ ಅದೇ ಮಣ್ಣಿನಲ್ಲಿ ಕತ್ತಿಗಳು, ಈಟಿಯ ಮೊನೆಗಳು, ರಥದ ಗಾಲಿಗೆ ಬಿಗಿಯುವ ಪಟ್ಟಿಗಳು, ಕಂಚಿನ ಅಲಂಕಾರದ ತುಣುಕುಗಳು, ಕೊಪ್ಪರಿಗೆಯ ಚೂರುಗಳು ಬರತೊಡಗಿದವು. ಸುದ್ದಿ ಕಾರ್ಡಿಫ್‌ನ ರಾಷ್ಟ್ರೀಯ ಮ್ಯೂಸಿಯಂ ಮುಟ್ಟಿತು. ಆಗಿನ ನಿರ್ದೇಶಕ ಸಿರಿಲ್ ಫಾಕ್ಸ್ ಅವನ್ನೆಲ್ಲ ಕೂಡಿಸಿ, ಅಳೆದು, ಚಿತ್ರ ಬರೆಸಿ 1946ರಲ್ಲಿ ಪುಸ್ತಕ ತಂದರು. ಲಿನ್ ಕೆರಿಗ್ ಬಾಕ್ ಎಂಬ ಆ ಕೆರೆಯಿಂದ ಬಂದ ಕಂಚು–ಕಬ್ಬಿಣದ ವಸ್ತುಗಳು 150ಕ್ಕೂ ಹೆಚ್ಚು. ಲಾರಿ ಎಳೆದ ಸರಪಳಿಗೆ ಸುಮಾರು ಎರಡು ಸಾವಿರ ವರ್ಷ ವಯಸ್ಸು. ಅದರಲ್ಲಿ ಸಾಲಾಗಿ ಐದು ಬಳೆಗಳಿದ್ದವು, ಒಂದೊಂದೂ ಮನುಷ್ಯನ ಕುತ್ತಿಗೆ ಹಿಡಿಸುವಷ್ಟು ಅಗಲ. ಸೆರೆಯಾಳುಗಳನ್ನೋ ಗುಲಾಮರನ್ನೋ ಸಾಲಾಗಿ ನಡೆಸಿಕೊಂಡು ಹೋಗಲು ಮಾಡಿದ ಸರಪಳಿ ಅದು.

ವೇಲ್ಸ್‌ನಲ್ಲಿ ಈ ಸರಪಳಿಯ ಬಗ್ಗೆ ಮಾತಾಡುವವರು ಲಾರಿಯ ಪ್ರಸಂಗವನ್ನು ಬಿಡುವುದಿಲ್ಲ. ಬಿಟ್ಟು ಹೇಳುವುದು ಸುಲಭವಿತ್ತು. ಕಬ್ಬಿಣಯುಗ, ಕೆಲ್ಟರು, ದೇವತೆಗಳಿಗೆ ಕೆರೆಯಲ್ಲಿ ಅರ್ಪಣೆ, ಕ್ರಿ.ಶ. 60ರ ಹೊತ್ತಿಗೆ ರೋಮನ್ ಸೇನೆ ಈ ದ್ವೀಪದ ಡ್ರೂಯಿಡ್ ಪುರೋಹಿತರ ಮೇಲೆ ಬಿದ್ದದ್ದು, ಅದನ್ನು ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟದ್ದು. ಒಂದು ಗಂಟೆ ತುಂಬಿಸಲು ಇಷ್ಟು ಸಾಕು. ಆದರೂ ಮೊದಲು ಬರುವುದು ಕೆಸರು, ಟ್ರ್ಯಾಕ್ಟರು, ಏನೆಂದು ತಿಳಿಯದೆ ಬಳಸಿದ ಕೈ. ಬಹುಕಾಲ ಜನ ಈ ನಿಧಿಯನ್ನು ರೋಮನ್ನರಿಗೆ ಹೆದರಿ ಒಂದೇ ಸಲ ಎಸೆದದ್ದೆಂದು ಊಹಿಸಲು ಇಷ್ಟಪಟ್ಟರು. ವಸ್ತುಗಳು ಬೇರೆ ಹೇಳುತ್ತವೆ: ನೂರಾರು ವರ್ಷಗಳ ಕಾಲ ಜನ ಇಲ್ಲಿಗೆ ಬಂದು ಬೆಲೆಬಾಳುವುದನ್ನು ನೀರಿಗೆ ಬಿಟ್ಟು ಹೋಗಿದ್ದಾರೆ. ವೆಲ್ಶ್ ಮ್ಯೂಸಿಯಂ ಉಪನ್ಯಾಸಗಳ ಈ ಗುಣವೇ ನನಗೆ ಹಿಡಿಸಿದ್ದು. ವಸ್ತು ಏನು ಎಂಬುದರ ಜೊತೆಗೆ ಅದನ್ನು ಎಷ್ಟು ಸಲ, ಯಾರು ಯಾರು ತಪ್ಪಾಗಿ ತಿಳಿದರು ಎಂಬುದನ್ನೂ ಸಭೆಯ ಮುಂದಿಡುತ್ತಾರೆ.

ವೇಲ್ಸ್ ದೊಡ್ಡ ದೇಶವೇನಲ್ಲ. ಜನಸಂಖ್ಯೆ ಸುಮಾರು 31 ಲಕ್ಷ. 1907ರ ರಾಜಶಾಸನದಿಂದ ಹುಟ್ಟಿದ ಅವರ ರಾಷ್ಟ್ರೀಯ ಮ್ಯೂಸಿಯಂ ಈಗ ಏಳು ಕಡೆ ಹರಡಿಕೊಂಡಿದೆ: ರಾಜಧಾನಿ ಕಾರ್ಡಿಫ್‌ನ ಬಿಳಿ ಗುಮ್ಮಟದ ಕಟ್ಟಡ, ಊರ ಹೊರಗಿನ ಸೇಂಟ್ ಫಾಗನ್ಸ್ ಬಯಲು ಮ್ಯೂಸಿಯಂ, ಕಾರ್ಲಿಯನ್‌ನ ರೋಮನ್ ಸೇನಾ ಮ್ಯೂಸಿಯಂ, ಮತ್ತೆ ಕಲ್ಲಿದ್ದಲು, ಸ್ಲೇಟು ಕಲ್ಲು, ಉಣ್ಣೆ, ಕೈಗಾರಿಕೆಗೆ ಒಂದೊಂದು. 2001ರಿಂದ ಒಳಗೆ ಹೋಗಲು ಟಿಕೆಟ್ಟಿಲ್ಲ. ಉಪನ್ಯಾಸಗಳದ್ದು ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತು. ಕ್ಯುರೇಟರ್ ಒಬ್ಬರು ಬಂದು ಮುಕ್ಕಾಲು ಗಂಟೆ ಮಾತಾಡುತ್ತಾರೆ, ಕೆಲವೊಮ್ಮೆ ಉಗ್ರಾಣದ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ತೆರೆದಿಡುತ್ತಾರೆ, ಆಮೇಲೆ ಪ್ರಶ್ನೆಗಳು. ವೆಲ್ಶ್ ಭಾಷೆಯಲ್ಲಿ ಮಾತು ನಡೆದರೆ ಆ ಭಾಷೆ ಬಾರದವರ ಕಿವಿಗೆ ಹೆಡ್‌ಫೋನು, ಅದರಲ್ಲಿ ಆಗಿಂದಾಗಲೇ ಇಂಗ್ಲಿಷ್ ಅನುವಾದ. ಇಂಗ್ಲಿಷ್ ಬಲ್ಲವರಿಗಾಗಿ ಇಡೀ ಸಭೆ ಭಾಷೆ ಬದಲಿಸುವ ನಮ್ಮ ಬೆಂಗಳೂರಿನ ಸಭಾಮರ್ಯಾದೆ ಅಲ್ಲಿ ನಡೆಯುವುದಿಲ್ಲ.

ಊಟದ ಹೊತ್ತಿನಲ್ಲಿ ಮಾತು ಕೇಳುವ ಅಭ್ಯಾಸ ಮ್ಯೂಸಿಯಂಗಿಂತ ಹಳೆಯದು. ಉತ್ತರ ವೇಲ್ಸ್‌ನ ಸ್ಲೇಟು ಗಣಿಗಳಲ್ಲಿ ಕೆಲಸಗಾರರು ಬುತ್ತಿ ಬಿಚ್ಚಲು ‘ಕಬಾನ್’ ಎಂಬ ಕಲ್ಲಿನ ಗುಡಿಸಲಿತ್ತು. ಒಳಗೆ ಒಲೆ, ಸುತ್ತ ಬೆಂಚು, ಬೆಂಚಿನವರೇ ಆರಿಸಿದ ಒಬ್ಬ ಅಧ್ಯಕ್ಷ. ಚಹಾ ಕುಡಿಯುತ್ತ ಪಾರ್ಲಿಮೆಂಟು, ಬೈಬಲ್ಲು, ಕೂಲಿ, ಛಂದಸ್ಸು ಎಲ್ಲದರ ಮೇಲೆ ಚರ್ಚೆ. ಪದ್ಯ ಕಟ್ಟುವ ಸ್ಪರ್ಧೆ, ಹಾಡಿನ ಸ್ಪರ್ಧೆ. ಕೆಲವು ಕಬಾನ್‌ಗಳಲ್ಲಿ ನಡಾವಳಿ ಪುಸ್ತಕ ಬರೆದಿಟ್ಟಿದ್ದರು, ಅವು ಉಳಿದಿವೆ. 2024ರಲ್ಲಿ ನವೀಕರಣಕ್ಕೆ ಬಾಗಿಲು ಹಾಕುವವರೆಗೂ ಲಾನ್‌ಬೆರಿಸ್‌ನ ಸ್ಲೇಟು ಮ್ಯೂಸಿಯಂನಲ್ಲಿ ಈ ಪರಂಪರೆಯ ಒಂದು ಎಳೆಯನ್ನು ಕಣ್ಣಾರೆ ಕಾಣಬಹುದಿತ್ತು. ಕುಶಲಕರ್ಮಿ ತಗ್ಗಿನ ಆಸನದಲ್ಲಿ ಕುಳಿತು ದಪ್ಪ ಸ್ಲೇಟಿನ ಹಲಗೆಯನ್ನು ತೊಡೆಗೆ ಆನಿಸಿಕೊಳ್ಳುತ್ತಾನೆ, ಅಗಲ ಬಾಯಿಯ ಉಳಿಯನ್ನು ಅಂಚಿಗೆ ಹಿಡಿದು ಮರದ ಕೊಡತಿಯಿಂದ ಮೆಲ್ಲನೆ ಬಡಿಯುತ್ತಾನೆ. ಕಲ್ಲು ತಟ್ಟನೆ ಎರಡಾಗುತ್ತದೆ. ಮತ್ತೆ ಎರಡು, ಮತ್ತೆ ಎರಡು, ಕೊನೆಗೆ ಬೆರಳಿಗಿಂತ ತೆಳ್ಳಗಿನ ಹಾಳೆಗಳು. ಅಷ್ಟು ಹೊತ್ತೂ ಅವನ ಬಾಯಿ ನಿಲ್ಲುವುದಿಲ್ಲ. ಅಳತೆಗೆ ತಕ್ಕಂತೆ ಹಂಚುಗಳ ಹೆಸರು: ಕ್ವೀನ್, ಡಚೆಸ್, ಕೌಂಟೆಸ್, ಲೇಡಿ. ಮಾಲೀಕರ ಮನೆಯ ಹೆಂಗಸರ ಪದವಿಗಳನ್ನು ಕೂಲಿಯವರು ದಿನವಿಡೀ ಒಡೆದು ಗುಡ್ಡೆ ಹಾಕುತ್ತಿದ್ದರು ಎಂಬ ಹಾಸ್ಯ ಅದರೊಳಗೇ ಇದೆ.

ಇನ್ನು ಶೀರ್ಷಿಕೆಯ ಹೆಂಗಸು. ದಕ್ಷಿಣ ವೇಲ್ಸ್‌ನ ಸ್ವಾನ್ಸೀ ನಗರದ ಪಕ್ಕ ಗವರ್ ಎಂಬ ನೆಲದ ತುಣುಕು ಕಡಲಿಗೆ ಚಾಚಿಕೊಂಡಿದೆ. ಅದರ ಸುಣ್ಣಕಲ್ಲಿನ ಬಂಡೆಗಳಲ್ಲೊಂದು ಗುಹೆ, ಪ್ಯಾವಿಲ್ಯಾಂಡ್. ಭರತವಿದ್ದಾಗ ಅಲ್ಲಿಗೆ ಕಾಲಿಡಲಾಗದು. 1823ರ ಜನವರಿಯಲ್ಲಿ ಆಕ್ಸ್‌ಫರ್ಡ್‌ನ ಭೂವಿಜ್ಞಾನದ ಅಧ್ಯಾಪಕ, ಪಾದ್ರಿಯೂ ಆಗಿದ್ದ ವಿಲಿಯಂ ಬಕ್‌ಲ್ಯಾಂಡ್ ಇಲ್ಲಿ ಅಗೆದ. ಸ್ಥಳೀಯರು ಆಗಲೇ ಮ್ಯಾಮತ್ ಆನೆಯ ದಂತ ನೋಡಿದ್ದರು. ಬಕ್‌ಲ್ಯಾಂಡ್‌ಗೆ ಸಿಕ್ಕಿದ್ದು ಮನುಷ್ಯನ ಅಸ್ಥಿಪಂಜರ. ತಲೆಬುರುಡೆ ಇರಲಿಲ್ಲ. ಎಲುಬುಗಳಿಗೆಲ್ಲ ಕಾವಿಕಲ್ಲಿನ ಕೆಂಪು ಹತ್ತಿತ್ತು. ಪಕ್ಕದಲ್ಲಿ ತೂತು ಕೊರೆದ ಪುಟ್ಟ ಕಡಲ ಚಿಪ್ಪುಗಳು, ದಂತದಿಂದ ಕಡೆದ ಕಡ್ಡಿಗಳು.

ಬಕ್‌ಲ್ಯಾಂಡ್ ಬುದ್ಧಿವಂತ, ಆದರೆ ಅವನ ತಲೆಯಲ್ಲಿ ಬೈಬಲ್ಲಿನ ಜಲಪ್ರಳಯ ಗಟ್ಟಿಯಾಗಿ ಕುಳಿತಿತ್ತು. ಮನುಷ್ಯನ ಎಲುಬು ಪ್ರಳಯಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಹಾಗಾದರೆ ಇದು ಯಾರು? ಕಳ್ಳಸಾಗಣೆಯವರು ಕೊಂದು ಹಾಕಿದ ಸುಂಕದ ಅಧಿಕಾರಿ ಇರಬೇಕು ಎಂದು ಮೊದಲು ಊಹಿಸಿದ. ಆಮೇಲೆ ಚಿಪ್ಪು, ದಂತ ನೋಡಿ ಮನಸ್ಸು ಬದಲಾಯಿಸಿದ. ಒಡವೆ ಇದ್ದಮೇಲೆ ಹೆಂಗಸು. ಗುಹೆಯ ಮೇಲಿನ ಗುಡ್ಡದಲ್ಲಿ ಹಳೆಯ ಕೋಟೆಯ ಗುರುತಿತ್ತು, ಅದನ್ನು ರೋಮನ್ನರ ಬಿಡಾರವೆಂದುಕೊಂಡ. ಬಿಡಾರದ ಕೆಳಗಿನ ಗುಹೆಯಲ್ಲಿ ಒಡವೆ ತೊಟ್ಟ ಹೆಂಗಸು! ಮಾಟಗಾತಿಯೋ, ಸಿಪಾಯಿಗಳ ಆಸರೆಯಲ್ಲಿ ಬದುಕುತ್ತಿದ್ದವಳೋ ಎಂದು ಬರೆದ. ‘ಪ್ಯಾವಿಲ್ಯಾಂಡ್‌ನ ಕೆಂಪು ಹೆಂಗಸು’ ಹುಟ್ಟಿದ್ದು ಹೀಗೆ. ಯಾವ ಸಾಕ್ಷ್ಯವೂ ಇಲ್ಲದೆ ಸತ್ತವಳೊಬ್ಬಳ ಶೀಲದ ಮೇಲೆ ತೀರ್ಪು ಬರೆದ ಈ ಪಾದ್ರಿ ಮುಂದೆ ವೆಸ್ಟ್‌ಮಿನ್‌ಸ್ಟರ್‌ನ ಡೀನ್ ಆದ.

ತೊಂಬತ್ತು ವರ್ಷದ ಬಳಿಕ, 1912ರ ಹೊತ್ತಿಗೆ, ಭೂವಿಜ್ಞಾನಿ ವಿಲಿಯಂ ಸೋಲಸ್ ಮತ್ತೆ ಗುಹೆ ಅಗೆದು ಎಲುಬು ಪರೀಕ್ಷಿಸಿದ. ಸೊಂಟದ ಮೂಳೆ ಗಂಡಸಿನದು. ಕಾಲವೂ ಹಳೆಯ ಶಿಲಾಯುಗ. 1960ರ ದಶಕದಲ್ಲಿ ಇಂಗಾಲದ ಪರೀಕ್ಷೆ ಬಂತು, ಸುಮಾರು 18,000 ವರ್ಷ ಅಂದಿತು. ವಿಧಾನ ಸುಧಾರಿಸಿದಂತೆಲ್ಲ ಅಂಕಿ ಹಿಂದಕ್ಕೆ ಸರಿಯಿತು. ಈಗ ಒಪ್ಪಿರುವುದು ಸುಮಾರು 33,000 ವರ್ಷ. ಇಪ್ಪತ್ತರ ಹರೆಯದ ತರುಣನೊಬ್ಬನನ್ನು ಅವನ ಕಡೆಯವರು ಕಾವಿ ಬಳಿದು, ಒಡವೆ ಇಟ್ಟು ಮಣ್ಣು ಮಾಡಿದ್ದಾರೆ. ಹಿಮಯುಗದ ಆ ಕಾಲದಲ್ಲಿ ಗುಹೆಯ ಮುಂದೆ ಕಡಲಿರಲಿಲ್ಲ. ಹುಲ್ಲುಗಾವಲಿತ್ತು, ಅದರಲ್ಲಿ ಮ್ಯಾಮತ್‌ಗಳು ಮೇಯುತ್ತಿದ್ದವು. ಕಡಲು ಹತ್ತಾರು ಮೈಲಿ ಆಚೆ. ಅಂದರೆ ಆ ಚಿಪ್ಪುಗಳನ್ನು ಯಾರೋ ದೂರದಿಂದ ಹೊತ್ತು ತಂದಿದ್ದರು. ಎಲುಬುಗಳು ಇಂದಿಗೂ ಆಕ್ಸ್‌ಫರ್ಡ್‌ನಲ್ಲಿವೆ, ಕಾರ್ಡಿಫ್‌ಗೆ ಎರವಲಾಗಿ ಬಂದು ಹೋದದ್ದುಂಟು. ಪ್ಯಾವಿಲ್ಯಾಂಡ್ ಉಪನ್ಯಾಸ ಎಲ್ಲಿ ನಡೆದರೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ನಮ್ಮವನು ನಮ್ಮೂರಿಗೆ ಯಾವಾಗ ಬರುತ್ತಾನೆ? ಹೆಸರು ಮಾತ್ರ ಬದಲಾಗಿಲ್ಲ. ಗಂಡಸು ಎಂದು ಗೊತ್ತಾಗಿ ನೂರು ವರ್ಷ ಕಳೆದರೂ ‘ಕೆಂಪು ಹೆಂಗಸು’ ಎಂದೇ ಕರೆಯುತ್ತಾರೆ. ಬಕ್‌ಲ್ಯಾಂಡ್‌ಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಕನ್ನಡ ಓದುಗರಿಗೆ ಹತ್ತಿರದ ಹೆಸರೊಂದು ಕಾರ್ಡಿಫ್ ಮ್ಯೂಸಿಯಂನ ಕಥೆಯಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ 1947ರಲ್ಲಿ ಅಗೆಸಿದ ಮಾರ್ಟಿಮರ್ ವೀಲರ್. ಭಾರತಕ್ಕೆ ಬರುವ ಎರಡು ದಶಕ ಮೊದಲು ವೀಲರ್ ಕಾರ್ಡಿಫ್ ಮ್ಯೂಸಿಯಂನಲ್ಲಿದ್ದರು. 1920ರಲ್ಲಿ ಪುರಾತತ್ವ ವಿಭಾಗದ ಮುಖ್ಯಸ್ಥ, 1924ರಲ್ಲಿ ಇಡೀ ಮ್ಯೂಸಿಯಂನ ನಿರ್ದೇಶಕ. ಆಗ ಕಟ್ಟಡ ಅರ್ಧಕ್ಕೆ ನಿಂತಿತ್ತು, ಬೊಕ್ಕಸ ಬರಿದು. ಕಾರ್ಲಿಯನ್ ಎಂಬ ಸಣ್ಣ ಊರಿನಲ್ಲಿ ಹುಲ್ಲು ಬೆಳೆದ ದೊಡ್ಡ ಗುಂಡನೆಯ ತಗ್ಗೊಂದಿತ್ತು. ರಾಜ ಆರ್ಥರ್ ತನ್ನ ಸರದಾರರೊಡನೆ ಕುಳಿತ ದುಂಡು ಮೇಜು ಅದೇ ಎಂದು ಊರವರ ನಂಬಿಕೆ. ಹನ್ನೆರಡನೆಯ ಶತಮಾನದಲ್ಲಿ ಮಾನ್‌ಮತ್‌ನ ಜೆಫ್ರಿ ಎಂಬ ಲೇಖಕ ಆರ್ಥರನ ಆಸ್ಥಾನವನ್ನು ಕಾರ್ಲಿಯನ್‌ನಲ್ಲಿ ಕೂರಿಸಿದಂದಿನಿಂದ ಆ ನಂಬಿಕೆಗೆ ರೆಕ್ಕೆ ಬಂದಿತ್ತು. ಅದು ರೋಮನ್ ಸೈನಿಕರ ಬಯಲು ರಂಗಮಂದಿರ ಎಂದು ವೀಲರ್‌ಗೆ ಗೊತ್ತಿತ್ತು. ಆದರೆ ದುಡ್ಡು ಬೇಕಲ್ಲ? ಆರ್ಥರನ ಹೆಸರು ಹೇಳಿ ‘ಡೈಲಿ ಮೇಲ್’ ಪತ್ರಿಕೆಯಿಂದ ಹಣ ಹೊಂದಿಸಿದರು, ಪ್ರತಿಯಾಗಿ ಅಗೆತದ ಸುದ್ದಿ ಆ ಪತ್ರಿಕೆಗೆ. ಕಟ್ಟುಕಥೆಯ ದುಡ್ಡಿನಲ್ಲಿ ಕಟ್ಟುಕಥೆಯನ್ನು ಒಡೆಯುವ ಈ ಚಾಣಾಕ್ಷತನ ವೀಲರ್‌ಗೇ ಸಲ್ಲಬೇಕು.

ಅಗೆತದ ಕೆಲಸ ಮಾತ್ರ ಬಹುಪಾಲು ಅವರದಲ್ಲ. 1926ರಲ್ಲಿ ವೀಲರ್ ಲಂಡನ್ನಿಗೆ ಹೊರಟುಹೋದರು. ಕಾರ್ಲಿಯನ್‌ನ ಹೊಣೆ ಹೊತ್ತವರು ಅವರ ಹೆಂಡತಿ ಟೆಸ್ಸಾ. ಸಾವಿರಾರು ಟನ್ ಮಣ್ಣು ಎತ್ತಿಸಿ, ಗೋಡೆಗಳ ಪದರ ಓದಿ, ವರದಿಗೆ ಆಕಾರ ಕೊಟ್ಟವರು ಆಕೆ. 1936ರಲ್ಲಿ, ಇನ್ನೂ 43ರ ಹರೆಯದಲ್ಲಿ, ತೀರಿಕೊಂಡರು. ಬಹುಕಾಲ ‘ವೀಲರ್ ಅಗೆದ ಕಾರ್ಲಿಯನ್’ ಎಂದೇ ಬರೆಯುತ್ತಿದ್ದರು, ಈಚಿನ ವರ್ಷಗಳಲ್ಲಿ ಟೆಸ್ಸಾ ಹೆಸರು ಮೊದಲಿಗೆ ಬರತೊಡಗಿದೆ.

ಹುಲ್ಲಿನ ತಗ್ಗಿನಿಂದ ಎದ್ದು ಬಂದದ್ದು ಕ್ರಿ.ಶ. 90ರ ಸುಮಾರಿಗೆ ಕಟ್ಟಿದ, ಸುಮಾರು 6,000 ಜನ ಕೂರಬಹುದಾದ ರಂಗಮಂದಿರ. ರೋಮ್‌ನ ಎರಡನೆಯ ಆಗಸ್ಟನ್ ಸೇನೆಯ ಐದು ಸಾವಿರಕ್ಕೂ ಹೆಚ್ಚು ಸೈನಿಕರ ಕಾಯಂ ಠಾಣೆ ಇಲ್ಲಿತ್ತು. ಆದರೆ ಕಾರ್ಲಿಯನ್‌ನ ಒಳ್ಳೆಯ ಮಾತು ರಂಗಮಂದಿರದಲ್ಲಿಲ್ಲ, ಅವರ ಸ್ನಾನಗೃಹದ ಚರಂಡಿಯಲ್ಲಿದೆ. ಸೈನಿಕರ ಉಂಗುರಗಳಲ್ಲಿ ಕೆತ್ತನೆಯ ಸಣ್ಣ ಹರಳುಗಳಿರುತ್ತಿದ್ದವು. ಬಿಸಿನೀರಿನ ಹಬೆಗೆ ಅಂಟು ಸಡಿಲಾಗಿ ಹರಳು ಕಳಚಿ ನೀರಿನೊಂದಿಗೆ ಹರಿದುಹೋಗುತ್ತಿತ್ತು. ಚರಂಡಿಯ ಕೆಸರು ಜರಡಿ ಹಿಡಿದಾಗ ಅಂಥ 88 ಹರಳುಗಳು ಸಿಕ್ಕವು. ಬೆರಳುಗುರಿನಷ್ಟು ಕೆಂಪು ಕಲ್ಲಿನ ಮೇಲೆ ಒಬ್ಬ ದೇವತೆ, ಒಂದು ಕುದುರೆ, ಒಂದು ಹದ್ದು. ಭೂತಗನ್ನಡಿ ಇಲ್ಲದೆ ಕೆತ್ತನೆ ಕಾಣುವುದಿಲ್ಲ. ಇಟಲಿಯಿಂದಲೋ ಸ್ಪೇನ್‌ನಿಂದಲೋ ಬಂದು ವೇಲ್ಸ್‌ನ ಮಳೆಯಲ್ಲಿ ನೆನೆಯುತ್ತಿದ್ದ ಸಿಪಾಯಿ ಸ್ನಾನ ಮುಗಿಸಿ ಹೊರಬಂದು ಉಂಗುರ ನೋಡಿಕೊಂಡು ಏನೆಂದಿರಬಹುದು ಎಂಬುದನ್ನು ಊಹಿಸಲು ಪುರಾತತ್ವದ ಪದವಿ ಬೇಕಿಲ್ಲ.

1944ರಲ್ಲಿ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿ ಬಂದ ವೀಲರ್ ತಮ್ಮ ಚೌಕ ಅಗೆತದ ವಿಧಾನವನ್ನು ಇಲ್ಲಿನ ಹುಡುಗರಿಗೆ ಕಲಿಸಿದರು. ನೆಲವನ್ನು ಚದುರಂಗದ ಹಾಸಿನಂತೆ ಚೌಕಗಳಾಗಿ ವಿಂಗಡಿಸಿ, ನಡುವೆ ಅಗೆಯದ ಮಣ್ಣಿನ ಗೋಡೆ ಬಿಟ್ಟು, ಆ ಗೋಡೆಯ ಮೈಯಲ್ಲಿ ಕಾಲದ ಪದರಗಳನ್ನು ಓದುವುದು. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕ ರೋಮನ್ ಮಡಕೆಗಳು ಅವರಿಗೆ ಕಾಲದ ಕೊಂಡಿಯಾದವು. ಆ ಕೊಂಡಿ ಹಿಡಿದು ಅವರು ಬ್ರಹ್ಮಗಿರಿಗೆ ಬಂದರು. ಅಶೋಕನ ಶಾಸನದಿಂದ ಆ ಜಾಗ ಮೊದಲೇ ಹೆಸರಾಗಿತ್ತು. ಅದೇ ಜಿಲ್ಲೆಯ ಚಂದ್ರವಳ್ಳಿಯಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ವೀಲರ್‌ಗಿಂತ ಮೊದಲೇ ಅಗೆದಿದ್ದರು, ಅಲ್ಲಿ ರೋಮನ್ ನಾಣ್ಯಗಳು ಸಿಕ್ಕಿದ್ದವು. ಕಾರ್ಲಿಯನ್‌ನ ಸಿಪಾಯಿಯ ಸಂಬಳ ಬರುತ್ತಿದ್ದ ಸಾಮ್ರಾಜ್ಯದ ಬೆಳ್ಳಿಯೇ ಚಿತ್ರದುರ್ಗದ ಬೆಟ್ಟದ ಬುಡದ ಪೇಟೆಗೂ ಬಂದಿತ್ತು.

ಬ್ರಹ್ಮಗಿರಿಯಲ್ಲಿ ವೀಲರ್ ಮೂರು ಪದರ ಗುರುತಿಸಿದರು: ಕಲ್ಲುಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾ ಸಮಾಧಿಗಳವರು, ಮೇಲ್ಗಡೆ ಸಾತವಾಹನರ ಕಾಲ. ಕ್ರಮ ಸರಿಯಿತ್ತು, ಕಾಲ ತಪ್ಪಿತ್ತು. ಕಲ್ಲುಕೊಡಲಿಯವರನ್ನು ಅವರು ಕ್ರಿ.ಪೂ. 1000ದ ಈಚೆಗೆ ಎಳೆದು ತಂದಿದ್ದರು. ಮುಂದೆ ತೆಕ್ಕಲಕೋಟೆ ಮೊದಲಾದ ಕಡೆ ನಡೆದ ಅಗೆತ, ಇಂಗಾಲದ ಪರೀಕ್ಷೆಗಳು ಕರ್ನಾಟಕದ ನವಶಿಲಾಯುಗವನ್ನು ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಒಯ್ದವು. ಬಕ್‌ಲ್ಯಾಂಡ್‌ನ ತಪ್ಪನ್ನು ವೇಲ್ಸ್‌ನ ಶಾಲೆಯ ಮಕ್ಕಳೂ ಬಲ್ಲರು. ವೀಲರ್‌ನ ಈ ತಪ್ಪು ನಮ್ಮಲ್ಲಿ ಪಂಡಿತರ ಲೇಖನಗಳ ಆಚೆ ಎಷ್ಟು ಜನಕ್ಕೆ ಗೊತ್ತು?

ಲಂಡನ್ನಿಗೆ ಮರಳಿದ ವೀಲರ್ ಟಿ.ವಿ. ತಾರೆಯಾದರು. 1952ರಲ್ಲಿ ಶುರುವಾದ ಬಿಬಿಸಿಯ ‘ಅನಿಮಲ್, ವೆಜಿಟೆಬಲ್, ಮಿನರಲ್?’ ಕಾರ್ಯಕ್ರಮದಲ್ಲಿ ಯಾವುದಾದರೂ ಮ್ಯೂಸಿಯಂ ಒಂದು ವಿಚಿತ್ರ ವಸ್ತು ಕಳಿಸುತ್ತಿತ್ತು, ಪಂಡಿತರು ಅದು ಏನೆಂದು ಹೇಳಬೇಕಿತ್ತು. ನಡೆಸಿಕೊಡುತ್ತಿದ್ದವರು ವೇಲ್ಸ್‌ನವರೇ ಆದ ಗ್ಲಿನ್ ಡೇನಿಯಲ್. ಪಂಡಿತರು ಮೀಸೆ ತಿರುವುತ್ತ, ತಡವರಿಸುತ್ತ, ಕೆಲವೊಮ್ಮೆ ಸೋಲುತ್ತ ಇದ್ದುದನ್ನು ಲಕ್ಷಾಂತರ ಜನ ನೋಡಿದರು. 1954ರಲ್ಲಿ ವೀಲರ್, ಮರುವರ್ಷ ಡೇನಿಯಲ್, ಇಬ್ಬರೂ ವರ್ಷದ ಟಿ.ವಿ. ವ್ಯಕ್ತಿಗಳಾದರು. ಪುರಾತತ್ವಕ್ಕೆ ಅಂಥ ದಿನಗಳೂ ಇದ್ದವು.

ತಪ್ಪು ತಿದ್ದಿಕೊಂಡ ಇನ್ನೊಂದು ಪ್ರಸಂಗ, ಸ್ಟೋನ್‌ಹೆಂಜ್‌ನ ನೀಲಿಕಲ್ಲುಗಳ ಸಂಗತಿಯನ್ನು ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನ ಆ ಶಿಲಾವೃತ್ತದ ಚಿಕ್ಕ ಕಲ್ಲುಗಳು ಪಶ್ಚಿಮ ವೇಲ್ಸ್‌ನ ಪ್ರೆಸೆಲಿ ಬೆಟ್ಟಗಳಿಂದ, 200 ಕಿಲೋಮೀಟರಿಗೂ ದೂರದಿಂದ, ಹೋದವು ಎಂದು 1923ರಲ್ಲಿ ಭೂವಿಜ್ಞಾನಿ ಎಚ್.ಎಚ್. ಥಾಮಸ್ ತೋರಿಸಿದರು. ಕಾರ್ಡಿಫ್ ಮ್ಯೂಸಿಯಂನ ಭೂವಿಜ್ಞಾನಿ ರಿಚರ್ಡ್ ಬೆವಿನ್ಸ್, ರಾಬ್ ಇಕ್ಸರ್ ಜೊತೆಗೂಡಿ 2011ರಿಂದ ಈಚೆಗೆ ಆ ಬೆಟ್ಟದ ಯಾವ ಬಂಡೆ ಎಂಬುದನ್ನೂ ಗುರುತಿಸಿದರು. ವೇಲ್ಸ್‌ಗೆ ಇದು ಹೆಮ್ಮೆಯ ಮಾತು. ನಡುವಿನ ಆರು ಟನ್ನಿನ ‘ಆಲ್ಟರ್ ಸ್ಟೋನ್’ ಕೂಡ ತಮ್ಮದೇ ಎಂದು ಅಲ್ಲಿಯವರು ನೂರು ವರ್ಷ ನಂಬಿದ್ದರು. 2023ರಲ್ಲಿ ಅದು ವೇಲ್ಸ್‌ನದಲ್ಲವೇನೋ ಎಂದು ಬರೆದವರಲ್ಲಿ ಬೆವಿನ್ಸ್ ಅವರೇ ಮುಂದಿದ್ದರು. ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನ ಕಲ್ಲು ಸ್ಕಾಟ್ಲೆಂಡಿನ ಈಶಾನ್ಯದ್ದು ಎಂದಿತು, ಅದರ ಮೊದಲ ಲೇಖಕ ವೇಲ್ಸ್‌ನಲ್ಲೇ ಹುಟ್ಟಿದ ಸಂಶೋಧನಾ ವಿದ್ಯಾರ್ಥಿ. ತವರಿನ ಕೀರ್ತಿಯನ್ನು ತವರಿನವರೇ ಕಳೆದರು ಎಂದು ಯಾರೂ ಅವರ ಮನೆಗೆ ಕಲ್ಲು ಹೊಡೆಯಲಿಲ್ಲ.

ಸುಳ್ಳಿನ ವಿಷಯದಲ್ಲೂ ವೆಲ್ಶರದು ಹೀಗೇ. ಕಾರ್ಡಿಫ್ ಮ್ಯೂಸಿಯಂನ ಎದುರಿನ ಉದ್ಯಾನದಲ್ಲಿ ಒಂದು ಶಿಲಾವೃತ್ತವಿದೆ. ನೋಡಿದವರು ನಾಲ್ಕು ಸಾವಿರ ವರ್ಷ ಹಳೆಯದೆಂದುಕೊಂಡರೆ ಆಶ್ಚರ್ಯವಿಲ್ಲ. ಅದು 1899ರದು. ಐಸ್ಟೆದ್‌ವೊಡ್ ಎಂಬ ವೆಲ್ಶ್ ಸಾಹಿತ್ಯ ಸಂಗೀತ ಮೇಳಕ್ಕಾಗಿ ನೆಟ್ಟ ಕಲ್ಲುಗಳು. ಮೇಳದಲ್ಲಿ ಬಿಳಿ, ನೀಲಿ, ಹಸಿರು ನಿಲುವಂಗಿ ತೊಟ್ಟ ಕವಿಗಳ ಕೂಟ, ‘ಗೊರ್ಸೆದ್’, ಕತ್ತಿಯನ್ನು ಒರೆಯಿಂದ ಅರ್ಧವಷ್ಟೇ ಹಿರಿದು ಗೆದ್ದ ಕವಿಗೆ ಪಟ್ಟ ಕಟ್ಟುತ್ತದೆ. ಡ್ರೂಯಿಡರ ಕಾಲದ ವಿಧಿ ಎಂದು ಅದನ್ನು ಜಗತ್ತಿಗೆ ಹೇಳಿದವನು ಯೋಲೊ ಮೊರ್ಗಾನುಗ್. ಕಲ್ಲುಕುಟಿಗ, ಕವಿ, ಅಫೀಮಿನ ಚಟದವನು, ಹಳೆಯ ಹಸ್ತಪ್ರತಿಗಳ ಅಸಾಧಾರಣ ಪಂಡಿತ, ಅಷ್ಟೇ ಅಸಾಧಾರಣ ನಕಲಿಗ. 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಸಣ್ಣ ಕಲ್ಲುಗಳನ್ನು ಸುತ್ತ ಇಟ್ಟು ಮೊದಲ ಗೊರ್ಸೆದ್ ನಡೆಸಿದ. 1819ರಲ್ಲಿ ಅದು ಐಸ್ಟೆದ್‌ವೊಡ್‌ಗೆ ಅಂಟಿಕೊಂಡಿತು. ತಾನೇ ಬರೆದ ಪದ್ಯಗಳನ್ನು ಮಧ್ಯಯುಗದ ಮಹಾಕವಿ ದಾವಿದ್ ಅಪ್ ಗ್ವಿಲಿಮ್‌ನ ಹೆಸರಿನಲ್ಲಿ ಅಚ್ಚು ಹಾಕಿಸಿದ, ವಿದ್ವಾಂಸರು ನೂರು ವರ್ಷ ಮೋಸ ಹೋದರು. ಇಪ್ಪತ್ತನೆಯ ಶತಮಾನದಲ್ಲಿ ಜಿ.ಜೆ. ವಿಲಿಯಮ್ಸ್ ಎಂಬ ವೆಲ್ಶ್ ಪ್ರಾಧ್ಯಾಪಕರು ಬದುಕಿನ ಬಹುಭಾಗ ಸವೆಸಿ ಯೋಲೊನ ಕೈಚಳಕವನ್ನು ಎಳೆ ಎಳೆಯಾಗಿ ಬಿಚ್ಚಿದರು. ಗೊರ್ಸೆದ್ ನಿಂತಿತೇ? ಇಲ್ಲ. ಕಟ್ಟುಕಥೆ ಎಂದು ಎಲ್ಲರಿಗೂ ಗೊತ್ತು, ಆದರೂ ಪಟ್ಟ ಕಟ್ಟುವಾಗ ಎಲ್ಲರ ಕಣ್ಣಲ್ಲೂ ನೀರು. ಇನ್ನೂರು ವರ್ಷ ಆಚರಿಸಿದ ಮೇಲೆ ನಕಲಿಯೂ ಪರಂಪರೆಯೇ ಅಲ್ಲವೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು, ಆದರೆ ಹುಟ್ಟಿದ ತಾರೀಖನ್ನು ಮುಚ್ಚಿಡದಿದ್ದರೆ ಮಾತ್ರ.

ಸೇಂಟ್ ಫಾಗನ್ಸ್‌ಗೆ ಒಂದು ಪೂರ್ತಿ ದಿನ ಬೇಕು. 1948ರ ಜುಲೈ 1ರಂದು ತೆರೆದ ಈ ಬಯಲು ಮ್ಯೂಸಿಯಂ ಯೊರ್ವರ್ತ್ ಪೀಟ್ ಎಂಬ ಕವಿ–ವಿದ್ವಾಂಸರ ಹಟದ ಫಲ. ಸ್ವೀಡನ್ನಿನ ಸ್ಕಾನ್‌ಸೆನ್ ಬಯಲು ಮ್ಯೂಸಿಯಂ ನೋಡಿ ಬಂದ ಕನಸು. ನಾಡಿನ ಮೂಲೆಮೂಲೆಯ ನಲವತ್ತಕ್ಕೂ ಹೆಚ್ಚು ಕಟ್ಟಡಗಳನ್ನು ಕಲ್ಲು ಕಲ್ಲಿಗೂ ಅಂಕಿ ಹಾಕಿ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ್ದಾರೆ. ಸೇಂಟ್ ಟೈಲೊ ಚರ್ಚಿಗೆ ಈ ಕೆಲಸ ಇಪ್ಪತ್ತು ವರ್ಷ ಹಿಡಿಯಿತು. ಸುಣ್ಣದ ಪದರಗಳ ಕೆಳಗೆ ಸಿಕ್ಕ ಹಳೆಯ ಭಿತ್ತಿಚಿತ್ರಗಳ ಆಧಾರದ ಮೇಲೆ ಗೋಡೆಗಳಿಗೆ 1530ರ ಸುಮಾರಿನ ಢಾಳು ಬಣ್ಣಗಳನ್ನು ಮತ್ತೆ ಬಳಿದರು. ಬೂದುಬಣ್ಣದ ಚರ್ಚುಗಳೇ ಕಣ್ಣಿಗೆ ರೂಢಿಯಾದವರು ಒಳಗೆ ಬಂದು ಬೆರಗಾಗುತ್ತಾರೆ.

ನನಗೆ ಹೆಚ್ಚು ಇಷ್ಟವಾಗುವುದು ಮರ್ಥಿರ್ ಊರಿನಿಂದ ತಂದ ರಿಡ್-ಅ-ಕಾರ್ ಸಾಲುಮನೆಗಳು. ಕಬ್ಬಿಣದ ಅದಿರು ತೆಗೆಯುವ ಕೂಲಿಗಳಿಗೆ 1800ರ ಆಸುಪಾಸಿನಲ್ಲಿ ಕಟ್ಟಿದ್ದು. ಆರು ಮನೆ, ಗೋಡೆಗೆ ಗೋಡೆ ಅಂಟಿದ್ದು, ಒಳಗೆ ಆರು ಕಾಲ: 1805, 1855, 1895, 1925, 1955, 1985. ಮೊದಲ ಮನೆಯಲ್ಲಿ ಮಣ್ಣಿನ ಪಾತ್ರೆ, ಮೇಣದಬತ್ತಿ. ಕೊನೆಯದರಲ್ಲಿ ಟಿ.ವಿ., ಹೂವಿನ ವಾಲ್‌ಪೇಪರು. 1984–85ರ ಗಣಿ ಕಾರ್ಮಿಕರ ಮಹಾ ಮುಷ್ಕರ ಸೋತ ವರ್ಷದ ಮನೆ ಅದು. ರಾಜರಿಲ್ಲ, ಯುದ್ಧವಿಲ್ಲ, ಅಡುಗೆಮನೆ ಬದಲಾದದ್ದೇ ಇತಿಹಾಸ.

ಅಲ್ಲಿನ ಸಂಗ್ರಹದಲ್ಲಿ ‘ವೆಲ್ಶ್ ನಾಟ್’ ಎಂಬ ಮರದ ತುಂಡು ಇದೆ. ಅಂಗೈಯಗಲ, ಮೇಲೆ ಡಬ್ಲ್ಯು, ಎನ್ ಎಂದು ಕೊರೆದ ಎರಡು ಅಕ್ಷರ, ದಾರ ಪೋಣಿಸಲು ತೂತು. ಹತ್ತೊಂಬತ್ತನೆಯ ಶತಮಾನದ ಕೆಲವು ಶಾಲೆಗಳಲ್ಲಿ ವೆಲ್ಶ್ ಮಾತಾಡಿದ ಮಗುವಿನ ಕೊರಳಿಗೆ ಇದನ್ನು ಹಾಕುತ್ತಿದ್ದರು. ಬೇರೆ ಮಗು ಮಾತಾಡಿದ್ದು ಕೇಳಿದರೆ ಅದರ ಕೊರಳಿಗೆ ದಾಟಿಸಬಹುದು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಏಟು. ಇದನ್ನು ಬಹುಕಾಲ ಇಂಗ್ಲಿಷ್ ಸರ್ಕಾರದ ಸಂಚು ಎಂದೇ ಹೇಳಿಕೊಂಡು ಬಂದರು. ಈಚೆಗೆ ಮಾರ್ಟಿನ್ ಜಾನ್ಸ್ ಅವರಂಥ ಇತಿಹಾಸಕಾರರು ದಾಖಲೆ ಕೆದಕಿ ಹೇಳುವುದು ಬೇರೆ. ಸರ್ಕಾರ ಅಂಥ ಆಜ್ಞೆ ಹೊರಡಿಸಿರಲಿಲ್ಲ. ವೆಲ್ಶರನ್ನು ಹೀನಾಯವಾಗಿ ಬೈದ 1847ರ ಕುಖ್ಯಾತ ‘ಬ್ಲೂ ಬುಕ್ಸ್’ ವರದಿ ಕೂಡ ಈ ಪದ್ಧತಿಯನ್ನು ಟೀಕಿಸಿತ್ತು. ಹಾಕಿದವರು ವೆಲ್ಶ್ ಮೇಷ್ಟರೇ, ಮಕ್ಕಳು ಇಂಗ್ಲಿಷ್ ಕಲಿಯಲಿ ಎಂದು ತಂದೆತಾಯಿ ಒಪ್ಪಿದ್ದೂ ಉಂಟು. ಕೇಳುವವರಿಗೆ ಇದು ಸುಖದ ಮಾತಲ್ಲ. ಶತ್ರು ಹೊರಗಿದ್ದಾನೆ ಎಂದರೆ ಕಥೆ ಸಲೀಸು. ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಶಾಲೆಗೆ ಕ್ಯೂ ನಿಂತು ಮಕ್ಕಳನ್ನು ಸೇರಿಸಿದ ನಾವೂ ಇದನ್ನು ಕೇಳಿಸಿಕೊಳ್ಳಬಹುದು.

ಬ್ಲೈನಾವನ್‌ನ ಬಿಗ್ ಪಿಟ್‌ನಲ್ಲಿ ಉಪನ್ಯಾಸಕ್ಕೆ ಸಭಾಂಗಣವಿಲ್ಲ. 1980ರಲ್ಲಿ ಮುಚ್ಚಿ 1983ರಲ್ಲಿ ಮ್ಯೂಸಿಯಂ ಆದ ಕಲ್ಲಿದ್ದಲು ಗಣಿ ಇದು. ಹೆಲ್ಮೆಟ್ಟು, ದೀಪ, ಸೊಂಟಕ್ಕೆ ಬ್ಯಾಟರಿ. ಮೊಬೈಲು, ವಾಚು ಮೇಲೆಯೇ ಬಿಡಬೇಕು, ಅನಿಲವಿರುವ ಗಣಿಯಲ್ಲಿ ಒಂದು ಕಿಡಿ ಸಾಕು. ಪಂಜರದಂಥ ಲಿಫ್ಟಿನಲ್ಲಿ 90 ಮೀಟರ್ ಕೆಳಗೆ. ಕರೆದೊಯ್ಯುವವರು ಹಳೆಯ ಗಣಿ ಕಾರ್ಮಿಕರು, ಚೀಟಿ ನೋಡಿ ಮಾತಾಡುವವರಲ್ಲ. ಕುದುರೆಗಳನ್ನು ಕಟ್ಟುತ್ತಿದ್ದ ಲಾಯ, ಅವುಗಳ ಹೆಸರು, ಗಾಳಿ ತಡೆಯುವ ಬಾಗಿಲು ತೆರೆದು ಮುಚ್ಚಲು ಕತ್ತಲಲ್ಲಿ ಕೂರುತ್ತಿದ್ದ ಮಕ್ಕಳು. ಒಂದು ಕಡೆ ಎಲ್ಲರ ದೀಪ ಆರಿಸಿ ಎನ್ನುತ್ತಾರೆ. ಇಂಥ ಮಾತುಗಾರರು ಪ್ರತಿವರ್ಷ ಕಡಿಮೆಯಾಗುತ್ತಿದ್ದಾರೆ. ಗಣಿ ಇಲ್ಲದ ಮೇಲೆ ಗಣಿ ಕಾರ್ಮಿಕ ಎಲ್ಲಿಂದ ಬರಬೇಕು? ಹೀಗೆ ಕಣ್ಣೆದುರೇ ಮುಗಿಯುತ್ತಿರುವುದರ ಜೊತೆಗೆ ದುಡ್ಡಿನ ಬರ ಬೇರೆ. 2024ರಲ್ಲಿ ರಾಷ್ಟ್ರೀಯ ಮ್ಯೂಸಿಯಂ 90ಕ್ಕೂ ಹೆಚ್ಚು ಹುದ್ದೆ ಕಳೆದುಕೊಂಡಿತು. ಕಾರ್ಡಿಫ್ ಕಟ್ಟಡ ಸೋರುತ್ತಿದೆ, 2025ರ ಫೆಬ್ರುವರಿಯಲ್ಲಿ ಕೆಲವು ದಿನ ಬಾಗಿಲು ಹಾಕಬೇಕಾಯಿತು. ಕ್ಯುರೇಟರ್ ಹೋದರೆ ಪೆಟ್ಟಿಗೆ ಉಳಿಯುತ್ತದೆ, ಅದನ್ನು ತೆರೆದು ಮಾತಾಡುವವರು ಉಳಿಯುವುದಿಲ್ಲ.

ಕೊನೆಗೆ, ವೇಲ್ಸ್‌ನಲ್ಲಿರುವ ನಮ್ಮದೇ ವಸ್ತುಗಳು. ಇಂಗ್ಲೆಂಡ್ ಗಡಿಯ ಬಳಿ ಪೊವಿಸ್ ಕೋಟೆ ಇದೆ, ಈಗ ನ್ಯಾಷನಲ್ ಟ್ರಸ್ಟ್‌ನ ಕೈಯಲ್ಲಿ. ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ 1798ರಿಂದ 1803ರವರೆಗೆ ಮದರಾಸಿನ ಗವರ್ನರ್. ಅವನ ಹೆಂಡತಿ ಹೆನ್ರಿಯೆಟ್ಟಾ ಪೊವಿಸ್ ಮನೆತನದವಳು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಮದರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣ ಸುತ್ತಿದಳು. ಕಲ್ಲು, ಖನಿಜ ಕೂಡಿಡುವ ಹುಚ್ಚಿನವಳು, ಆ ಖನಿಜ ಸಂಗ್ರಹ ಈಗ ಕಾರ್ಡಿಫ್ ಮ್ಯೂಸಿಯಂನಲ್ಲೇ ಇದೆ. ಕೋಟೆಯಲ್ಲಿರುವುದು ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿತಲೆಗಳಲ್ಲೊಂದು, ಮತ್ತು ಹೂಬಳ್ಳಿಯ ಚೀಟಿ ಬಟ್ಟೆಯ ದೊಡ್ಡ ಡೇರೆ.

‘ಟಿಪ್ಪು ಡೇರೆ’ ಎಂದೇ ಹೆಸರಾದ ಈ ಬಟ್ಟೆಯನ್ನು 2015ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟಾಗ ತಜ್ಞರು ಕೊಟ್ಟ ಕಾಲ 1725–50. ಟಿಪ್ಪು ಹುಟ್ಟಿದ್ದು 1750ರಲ್ಲಿ. ಅಂದರೆ ಡೇರೆ ಅವನಿಗಿಂತ ಹಳೆಯದು. ಹಾಗಿದ್ದರೆ ಯಾರಿಗಾಗಿ ಮಾಡಿದ್ದು, ಟಿಪ್ಪುವಿನ ತಂದೆ ಹೈದರ್‌ನ ಕೈಗೆ ಬಂತೇ, ಯಾವ ಯುದ್ಧದಲ್ಲಿ, ಯಾರಿಂದ? ಪೊವಿಸ್ ಕೋಟೆಯ ವಸಾಹತು ನಂಟನ್ನು ನ್ಯಾಷನಲ್ ಟ್ರಸ್ಟ್ 2020ರ ವರದಿಯಲ್ಲಿ ಒಪ್ಪಿಕೊಂಡಾಗ ಇಂಗ್ಲೆಂಡಿನ ಒಂದು ವರ್ಗ ಗಲಾಟೆ ಎಬ್ಬಿಸಿತ್ತು, ಟ್ರಸ್ಟ್ ಹಿಂದೆ ಸರಿಯಲಿಲ್ಲ. ಮುಂದಿನ ಉಪನ್ಯಾಸ ಈ ಡೇರೆಯ ಮೇಲೆಯೇ ನಡೆಯಲಿ. ಪ್ರಶ್ನೋತ್ತರದ ಹೊತ್ತಿಗೆ ಎದ್ದು ನಿಂತು ಇದನ್ನೆಲ್ಲ ಕೇಳಲು ಮಂಡ್ಯ, ಮೈಸೂರಿನ ಕಡೆಯವರು ಒಂದಿಬ್ಬರಾದರೂ ಅಲ್ಲಿರಬೇಕು.